ಗಣಿತದ ಭಾಗ ಮುಗಿಯುವವರೆಗೆ

ತಂಗಿ ತೀರಿಕೊಂಡ ಸುದ್ದಿ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಆಗ ತಂಗಿಯ ಮಗಳು ಮುಂದಿನ ಕೋಣೆಯಲ್ಲಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಲೆಕ್ಕ ಬಿಡಿಸುತ್ತಿದ್ದಳು.

ಫೋನು ಎತ್ತಿದವರು ಅಕ್ಕ, ಟೀಚರಮ್ಮ. ನಿವೃತ್ತರಾಗಿ ವರ್ಷಗಳೇ ಕಳೆದಿದ್ದರೂ ಬೀದಿಯವರಿಗೆಲ್ಲ ಅವರು ಟೀಚರಮ್ಮನೇ. ಆ ಬೀದಿಯಲ್ಲಿ ಅವರಿಂದ ಗಣಿತ ಕಲಿಯದವರು ಕಡಿಮೆ, ಕಿವಿ ಹಿಂಡಿಸಿಕೊಳ್ಳದವರು ಇನ್ನೂ ಕಡಿಮೆ.

ಆ ಕಡೆಯಿಂದ ತಂಗಿಯ ಮಗ ಮಾತಾಡಿದ. "ದೊಡ್ಡಮ್ಮ, ಕಾಫಿ ಇಟ್ಟು ಅಮ್ಮನ್ನ ಕೂಗ್ದೆ. ಏಳ್ಲಿಲ್ಲ. ಡಾಕ್ಟ್ರು ಬಂದು ನೋಡಿದ್ರು. ನಿದ್ದೇಲೇ ಹೋಗ್ಬಿಟ್ಟಿದಾಳೆ. ಪಾಪುಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ಪಾಪು ಎಂದರೆ ಒಳಗೆ ಲೆಕ್ಕ ಬಿಡಿಸುತ್ತಿದ್ದ ಅವನ ತಂಗಿ, ಮೂವತ್ತು ದಾಟಿದ ಹೆಂಗಸು. ಬಣ್ಣದ ಕಾರ್ಖಾನೆಯಲ್ಲಿ, ಗಿರಾಕಿಗಳು ತಂದುಕೊಟ್ಟ ಬಟ್ಟೆಯ ಚೂರಿಗೋ ತಗಡಿನ ತುಂಡಿಗೋ ಸರಿಹೊಂದುವ ಬಣ್ಣ ಕಲಸುವ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಅಲ್ಲಿ ಮೀಸೆ ಹೊತ್ತ ಗಂಡಸರು ಮೇಡಂ ಮೇಡಂ ಎಂದು ಹಿಂದೆ ಮುಂದೆ ಓಡಾಡುತ್ತಿದ್ದರು. ಮನೆಯ ಮೆಟ್ಟಿಲು ಹತ್ತಿದಳೆಂದರೆ ಪಾಪು. ಕೆಲಸ ಈ ಊರಿನಲ್ಲಿ ಸಿಕ್ಕಿದಂದಿನಿಂದ ದೊಡ್ಡಮ್ಮನ ಮನೆಯೇ ಅವಳ ಮನೆ. ಕಾರ್ಖಾನೆಯನ್ನೇ ನಡೆಸುವಷ್ಟು ಕಲಿಯಬೇಕೆಂಬ ಆಸೆಯಿಂದ ವ್ಯವಹಾರ ನಿರ್ವಹಣೆಯ ದೊಡ್ಡ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದಳು. ಅವರಿಗೆ ಅವಳ ಮಾತು, ಅನುಭವ ಎಲ್ಲವೂ ಹಿಡಿಸಿತ್ತು. ಪ್ರವೇಶ ಪರೀಕ್ಷೆಯ ಗಣಿತದ ಅಂಕವೊಂದೇ ಕೆಳಗಿತ್ತು. ಇನ್ನೊಮ್ಮೆ ಬರೆದು ಅದನ್ನು ಏರಿಸಿಕೊಂಡು ಬಂದರೆ ಸೀಟು ಕೊಡುತ್ತೇವೆ ಎಂದಿದ್ದರು.

"ಗಣಿತ ಟೀಚರ ಮನೆ ಅನ್ನ ತಿಂದು ಗಣಿತದಲ್ಲೇ ಮುಗ್ಗರಿಸಿದ್ಯಲ್ಲೇ!" ಎಂದು ಅವಳ ಅಮ್ಮ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಿದ್ದಳು. ಅಮ್ಮನದು ಹೆಂಗಸರ ಕೂದಲು ಕತ್ತರಿಸುವ ಅಂಗಡಿ. "ನಮ್ಮಕ್ಕ ತಲೆ ಒಳಗೆ ತುಂಬ್ತಾಳೆ, ನಾನು ತಲೆ ಮೇಲಿಂದ ಇಳಿಸ್ತೀನಿ. ಇಬ್ಬರ ನಡುವೆ ನಿನ್ನ ತಲೇಲಿ ಏನು ಉಳಿದಿದೆಯೋ ದೇವರಿಗೇ ಗೊತ್ತು" ಎಂದಿದ್ದಳು.

ಆ ನಗು ಇನ್ನು ಇಲ್ಲ.

ಟೀಚರಮ್ಮ ಫೋನು ಕೆಳಗಿಟ್ಟು ಮುಂದಿನ ಕೋಣೆಯ ಬಾಗಿಲ ಬಳಿಗೆ ಬಂದರು. ಬಾಗಿಲು ಅಂಗೈ ಅಗಲ ತೆರೆದಿತ್ತು. ಪಾಪು ಬೆನ್ನು ಹಾಕಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ನಿಜವಾದ ಪರೀಕ್ಷೆ ಹೇಗೆ ನಡೆಯುತ್ತದೋ ಹಾಗೆಯೇ ಅಭ್ಯಾಸವೂ ನಡೆಯಬೇಕೆಂಬುದು ಟೀಚರಮ್ಮನದೇ ಕಟ್ಟಪ್ಪಣೆ. ಆದ್ದರಿಂದ ಅವಳ ಕಿವಿಯಲ್ಲಿ ಸದ್ದು ತಡೆಯುವ ಮೆತ್ತನೆಯ ಬಿರಡೆಗಳಿದ್ದವು, ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು. ಗಣಿತದ ಭಾಗ ಅರ್ಧ ಮುಗಿದಿತ್ತು.

ಹೆಸರು ಹಿಡಿದು ಕೂಗಬೇಕು, ಒಳಗೆ ಹೋಗಿ ಭುಜ ಮುಟ್ಟಬೇಕು ಎಂದು ಅವರಿಗೆ ಗೊತ್ತಿತ್ತು. ಆದರೆ ಕಾಲು ಹೊಸ್ತಿಲು ದಾಟಲಿಲ್ಲ. ಬದುಕೆಲ್ಲ ಪರೀಕ್ಷೆಯ ಕೋಣೆಗಳಿಗೆ ಕಾವಲು ನಿಂತ ಹೆಂಗಸು ಅವರು. ಒಳಗೆ ಮಕ್ಕಳು ಬರೆಯುತ್ತಿರುವಾಗ ಯಾರೇ ಬರಲಿ, ಏನೇ ಆಗಲಿ, ಹೊರಗೇ ತಡೆಯುವುದು ಅವರ ಮೈಗೆ ಹತ್ತಿದ ಅಭ್ಯಾಸ. ಆ ದಿನ ಬಾಗಿಲಿಗೆ ಬಂದದ್ದು ಸಾವು. ಅದನ್ನೂ ಅವರು ಹಾಗೆಯೇ ತಡೆದು ನಿಂತರು.

ಕಿಟಕಿಯಿಂದ ಬಂದ ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಪಾಪುವಿನ ಪೆನ್ಸಿಲು ಕಾಗದದ ಮೇಲೆ ಸರಸರ ಹರಿಯುತ್ತಿತ್ತು. ಕೋಣೆ ನೀರಿನ ತಳದಲ್ಲಿರುವಂತೆ ಕಂಡಿತು.

ಕೊನೆಗೆ ಪಾಪು ಕಿವಿಯ ಬಿರಡೆ ಕಿತ್ತು ಎಸೆದು ಕುರ್ಚಿಯೊಂದಿಗೇ ತಿರುಗಿದಳು. "ದೊಡ್ಡಮ್ಮಾ! ಗಣಿತದ ಅಂಕ ನೋಡು ಬಾ! ಇಷ್ಟು ಯಾವತ್ತೂ ಬಂದಿರ್ಲಿಲ್ಲ!" ಎಂದು ಎರಡೂ ಕೈ ಮೇಲೆತ್ತಿದಳು. ಎತ್ತಿದ ಕೈ ಹಾಗೆಯೇ ನಿಂತಿತು. ದೊಡ್ಡಮ್ಮನ ಮುಖ ಕಂಡಿತ್ತು.

ಅಂತ್ಯಕ್ರಿಯೆ ಮುಗಿಸಿ ಊರಿಗೆ ಮರಳಿದ ಮೇಲೆ ಪಾಪು ಕೇಳಿದಳು. "ಅಣ್ಣ ಫೋನ್ ಮಾಡಿದ್ದು ನಾನು ಮುಗಿಸೋಕೆ ಎಷ್ಟೋ ಮುಂಚೆ ಅಂತೆ. ಹೌದಾ?"

"ಹೌದಮ್ಮ."

"ನೀನು ಗೊತ್ತಿದ್ದೂ ಸುಮ್ನೆ ನಿಂತಿದ್ಯಾ?"

"ನಿಂತಿದ್ದೆ."

"ಅಮ್ಮ ಹೋಗಿದಾಳೆ, ನಾನು ಅಲ್ಲಿ ಎರಡು ರೈಲು ಎಲ್ಲಿ ಸೇರ್ತವೆ ಅಂತ ನೋಡ್ತಾ ಕೂತಿದೀನಿ. ಅಂಕ ಬಂತು ಅಂತ ಕುಣಿದೆ ಬೇರೆ!" ಅವಳ ದನಿ ಏರಲಿಲ್ಲ. ಏರಿದ್ದರೆ ಟೀಚರಮ್ಮನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಕೆಲಸಕ್ಕೆ ಹೊರಟಳು.

ಆ ಬಳಿಕ ಮನೆಯಲ್ಲಿ ಬೇಕಾದಷ್ಟೇ ಮಾತು. ಊಟ ಆಯಿತೇ, ಆಯಿತು. ಬಾಗಿಲು ಹಾಕಿದೆಯಾ, ಹಾಕಿದೆ. ಗಣಿತದ ಪುಸ್ತಕಗಳ ಮೇಲೆ ಧೂಳು ಕೂತಿತು. ಟೀಚರಮ್ಮ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ತುಟಿ ಅಲುಗುತ್ತಿತ್ತೇ ಹೊರತು ಮಾತು ಮನಸ್ಸಿಗೆ ಇಳಿಯುತ್ತಿರಲಿಲ್ಲ. ತಂಗಿಗೆ ಶಾಂತಿ ಕೊಡು ಎಂದು ಬೇಡಲು ಹೊರಟರೆ, ಅವಳ ಮಗಳಿಗೇ ನೆಮ್ಮದಿ ಇಲ್ಲದಂತೆ ಮಾಡಿದವಳು ನೀನು ಎಂದು ಒಳಗಿನಿಂದ ಯಾರೋ ತಡೆಯುತ್ತಿದ್ದರು.

ಕಾಲೇಜು ಕೊಟ್ಟ ಗಡುವು ಹತ್ತಿರ ಬಂದಾಗ ಪಾಪು ತಾನಾಗಿಯೇ ಧೂಳು ಕೊಡವಿ ಕೂತಳು. ಕೂತರೇನು, ಅಂಕ ಮೊದಲಿಗಿಂತಲೂ ಕೆಳಕ್ಕೆ ಜಾರಿತು. ಮತ್ತೆ ಬರೆದಳು, ಮತ್ತೆ ಜಾರಿತು. ಟೀಚರಮ್ಮ ಅವಳು ಗೀಚಿದ ಹಾಳೆಗಳನ್ನು ಕನ್ನಡಕ ಏರಿಸಿ ನೋಡಿದರು. ತಿಳಿಯದ ಲೆಕ್ಕ ಒಂದೂ ಇರಲಿಲ್ಲ. ಉತ್ತರ ಸರಿಯಾಗಿ ಬಂದ ಲೆಕ್ಕವನ್ನೇ ಅವಳು ಮತ್ತೆ ಮೊದಲಿನಿಂದ ಮಾಡಿದ್ದಳು. ಹಾಗೆ ಮಾಡುತ್ತ ಮಾಡುತ್ತ ಹೊತ್ತು ತೀರಿ, ಕೊನೆಯ ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದ್ದಳು.

"ಸರಿ ಬಂದಿದ್ದನ್ನ ಯಾಕೆ ತಿರುಗಿ ಮಾಡ್ತೀ?" ಎಂದು ಕೇಳಿದರು.

ಪಾಪು ಪೆನ್ಸಿಲು ಕೆಳಗಿಟ್ಟಳು. "ಸರಿ ಬಂತು ಅಂದ್ರೆ ಭಯ ಆಗುತ್ತೆ ದೊಡ್ಡಮ್ಮ. ಬಾಗಿಲ ಹಿಂದೆ ಯಾರೋ ಸುದ್ದಿ ಹಿಡ್ಕೊಂಡು ನಿಂತಿದಾರೆ ಅನ್ಸುತ್ತೆ. ನಾನು ಮುಗಿಸ್ಲಿ ಅಂತ ಕಾಯ್ತಿದಾರೆ. ಮುಗಿಸ್ದೇ ಇದ್ರೆ…" ಎಂದಳು.

ಟೀಚರಮ್ಮ ಕನ್ನಡಕ ತೆಗೆದು ಹಾಳೆಗಳನ್ನು ಮಡಚಿಟ್ಟರು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಅವರಿಗೆ ಜೊಂಪು ಹತ್ತಿತು. ಕಣ್ಣು ಮುಚ್ಚಿತ್ತೋ ತೆರೆದಿತ್ತೋ ತಿಳಿಯದು. ತಂಗಿ ಎದುರಿಗೆ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಚಿಕ್ಕಂದಿನಲ್ಲಿ ಅಕ್ಕನಿಂದ ಮನೆಪಾಠ ಹೇಳಿಸಿಕೊಳ್ಳುವಾಗ ಹೀಗೆಯೇ ಕೂರುತ್ತಿದ್ದಳು. ಅವಳ ಬಟ್ಟೆಯ ಮೇಲೆಲ್ಲ ಕತ್ತರಿಸಿದ ಕೂದಲಿನ ಚೂರುಗಳು. ಅವು ಬೆಳಕಿನಲ್ಲಿ ಮಿಂಚಿ ಮಿಂಚಿ ಹಕ್ಕಿಯ ಪುಕ್ಕಗಳಂತೆ ಮೇಲೇಳುತ್ತಿದ್ದವು.

"ಅಕ್ಕ, ಒಂದು ಲೆಕ್ಕ ಹೇಳಿಕೊಡು," ಎಂದಳು. "ಒಂದು ಊರಿಂದ ಒಂದು ಸುದ್ದಿ ಹೊರಟಿತು. ಇನ್ನೊಂದು ಊರಲ್ಲಿ ಒಂದು ಹುಡುಗಿ ಲೆಕ್ಕ ಮಾಡ್ತಾ ಹೊರಟಳು. ಎರಡೂ ಎಲ್ಲಿ ಸೇರ್ತವೆ?"

"ವೇಗ ಎಷ್ಟು, ದೂರ ಎಷ್ಟು? ಸರಿಯಾಗಿ ಹೇಳೇ," ಎಂದು ಟೀಚರಮ್ಮ ಕನಸಿನಲ್ಲೂ ಗದರಿದರು.

"ಅದೆಲ್ಲ ನಂಗೇನು ಗೊತ್ತು? ನಡುವೆ ದಾರೀಲಿ ನೀನು ನಿಂತಿದ್ಯಲ್ಲ, ನಿನಗೇ ಗೊತ್ತಿರಬೇಕು." ತಂಗಿ ಕಾಲು ಆಡಿಸುತ್ತ ನಕ್ಕಳು. "ಕಾಲು ನೋಯುತ್ತೆ, ಕೂತ್ಕೋ ಅಕ್ಕ. ಒಳಗೆ ಹೋಗಿ ಕೂತ್ಕೋ."

ಎಚ್ಚರವಾದಾಗ ಕೆನ್ನೆ ಒದ್ದೆಯಾಗಿತ್ತು. ಕೋಣೆಯಲ್ಲಿ ಸಂಜೆಯ ಹಳದಿ ಬೆಳಕು ಗೋಡೆಗೆ ಒರಗಿ ನಿಂತಿತ್ತು.

ಪಾಪು ಕೆಲಸದಿಂದ ಬಂದೊಡನೆ ಅವಳನ್ನು ಕೂರಿಸಿಕೊಂಡು ಕನಸನ್ನು ಇದ್ದದ್ದು ಇದ್ದಂತೆ ಹೇಳಿದರು. ಪಾಪುವಿನ ಉಗುರಿನ ಸಂದಿಯಲ್ಲಿ ಅಂದು ಕಲಸಿದ ಹಸಿರು ಬಣ್ಣವಿತ್ತು. ಅದನ್ನೇ ಕೆರೆಯುತ್ತ ಕೇಳಿದಳು. ಕೊನೆಗೆ ಅವಳಿಗೆ ನಗು ತಡೆಯಲಾಗಲಿಲ್ಲ. "ಅಮ್ಮನೇ ಸರಿ. ಬೇಕಾದ ಸಂಖ್ಯೆ ಒಂದೂ ಕೊಡ್ದೆ ಲೆಕ್ಕ ಕೇಳೋಳು ಅವಳೊಬ್ಬಳೇ!" ನಗುತ್ತಿದ್ದಂತೆಯೇ ಕಣ್ಣು ತುಂಬಿ ಬಂತು. "ಅವತ್ತು ಅಲ್ಲಿ ನಿಂತ್ಕೊಂಡು ನೀನು ಏನು ಮಾಡ್ತಿದ್ದೆ ದೊಡ್ಡಮ್ಮ?"

"ಏನೂ ಇಲ್ಲ ಮಗಳೇ. ನಿನ್ನ ಪೆನ್ಸಿಲಿನ ಸದ್ದು ಕೇಳ್ತಿದ್ದೆ. ಅದು ನಿಲ್ಲೋವರೆಗೂ ನಿನಗೊಬ್ಬಳು ಅಮ್ಮ ಇದಾಳೆ ಅನ್ನಿಸ್ತು. ನಿನಗೆ ಹೇಳಿಬಿಟ್ರೆ ನನಗೂ ತಂಗಿ ಇರೋಲ್ಲ. ಪರೀಕ್ಷೆ ನೆಪ ಅಷ್ಟೇ ಇರಬೇಕು. ತಪ್ಪೋ ಸರಿಯೋ, ನನಗೆ ಇನ್ನೂ ಗೊತ್ತಾಗ್ತಿಲ್ಲ."

ಪಾಪು ಬಣ್ಣ ಹತ್ತಿದ ಬೆರಳುಗಳಿಂದ ದೊಡ್ಡಮ್ಮನ ಕೈ ಹಿಡಿದಳು. ಆಮೇಲೆ ಮೂಗೊರೆಸಿಕೊಂಡು, "ಒಂದು ಮಾತು ಕೊಡು," ಎಂದಳು. "ಇನ್ನು ಯಾವತ್ತೂ ಕಾಯ್ಬೇಡ. ಪರೀಕ್ಷೆ ಹಾಲಲ್ಲಿದ್ರೂ ಸರಿ, ಏನಾದ್ರೂ ಬಂದ್ರೆ ಒಳಗೆ ನುಗ್ಗಿ ಹೇಳ್ಬೇಕು."

"ಅಲ್ಲಿ ಬಿಡ್ತಾರಾ?"

"ಬಾಗಿಲಲ್ಲಿ ಇರೋನ ಕಿವಿ ಹಿಂಡು. ನಿನಗೇನು ಹೊಸದಾ?"

ಟೀಚರಮ್ಮ ಮಾತು ಕೊಟ್ಟರು. ಅಂದಿನಿಂದ ಅಭ್ಯಾಸದ ವೇಳೆಯಲ್ಲಿ ಅವರ ಕುರ್ಚಿ ಒಳಗೇ, ಪಾಪುವಿನ ಕಣ್ಣಿಗೆ ಕಾಣುವ ಜಾಗಕ್ಕೆ ಬಂತು. ಬಾಗಿಲು ಪೂರ್ತಿ ತೆರೆದಿರುತ್ತಿತ್ತು. ಅವಳು ತಲೆ ಎತ್ತಿದಾಗಲೆಲ್ಲ ಅವರು ಕೈ ಬೀಸಿ ಮುಂದಿನದಕ್ಕೆ ಹೋಗೆಂದು ಸನ್ನೆ ಮಾಡುತ್ತಿದ್ದರು. ಒಂದೊಂದು ಹೆಜ್ಜೆಯನ್ನೂ ತಾಳೆ ನೋಡದೆ ಬಿಡಬಾರದೆಂದು ಒಂದು ಕಾಲದಲ್ಲಿ ಊರ ಮಕ್ಕಳಿಗೆಲ್ಲ ಕಲಿಸಿದ ಟೀಚರಮ್ಮ, ಈಗ ಬಿಟ್ಟು ಮುಂದೆ ಹೋಗುವುದನ್ನು ಕಲಿಸಲು ಕೂತಿದ್ದರು. ಮೊದಮೊದಲು ಪಾಪು ಪ್ರತಿ ಲೆಕ್ಕಕ್ಕೂ ತಲೆ ಎತ್ತುತ್ತಿದ್ದಳು. ಬರಬರುತ್ತ ಎತ್ತುವುದು ಕಡಿಮೆಯಾಯಿತು. ಅಂಕ ಒಂದು ವಾರ ಏರಿ, ಇನ್ನೊಂದು ವಾರ ಇಳಿದು, ಮತ್ತೆ ಏರತೊಡಗಿತು.

ಪರೀಕ್ಷೆಯ ದಿನ ಅವಳು ತನ್ನ ಫೋನನ್ನು ದೊಡ್ಡಮ್ಮನ ಕೈಗಿತ್ತು ಒಳಗೆ ಹೋದಳು. ಹೊರಗಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ನೀರಿನ ಯಂತ್ರ, ಗಾಜಿನ ಬಾಗಿಲ ಮುಂದೆ ಎಳೆಯ ಪ್ರಾಯದ ಕಾವಲುಗಾರ. ಅವನ ಕಿವಿಗಳು ಸಾಕಷ್ಟು ದೊಡ್ಡವಿದ್ದವು. ಟೀಚರಮ್ಮನಿಗೆ ಒಂದು ಬಗೆಯ ಧೈರ್ಯ ಬಂತು.

ಗಾಜಿನಾಚೆ ಬೆನ್ನುಗಳು ಸಾಲಾಗಿ ಬಾಗಿದ್ದವು. ನೋಡುತ್ತ ನೋಡುತ್ತ ಅವರ ಕಣ್ಣು ಮಂಜಾಯಿತು. ಎಲ್ಲರ ಸುದ್ದಿಗಳೂ ಇತ್ತ ಕಡೆ ಕುರ್ಚಿಗಳ ಮೇಲೆ ತಾಳ್ಮೆಯಿಂದ ಕೂತು ಕಾಯುತ್ತಿರುವಂತೆ ತೋರಿತು. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ನಡುಗಿತು. ಪಾಪುವಿನ ಅಣ್ಣ. ಟೀಚರಮ್ಮ ಎದ್ದು ನಿಂತು, ಒಂದು ಹೆಜ್ಜೆ ಗಾಜಿನ ಬಾಗಿಲ ಕಡೆಗೆ ಇಟ್ಟುಕೊಂಡೇ, "ಹೇಳಪ್ಪ" ಎಂದರು.

"ಏನಿಲ್ಲ ದೊಡ್ಡಮ್ಮ, ಸುಮ್ನೆ ಮಾಡ್ದೆ. ಒಳಗೆ ಹೋದ್ಲಾ?"

"ಅಯ್ಯೋ ಪುಣ್ಯಾತ್ಮ! ನನ್ನ ಜೀವ ಬಾಯಿಗೆ ಬಂತಲ್ಲೋ! ಇನ್ನೊಂದು ಚೂರಾಗಿದ್ರೆ ಇಲ್ಲೊಬ್ಬ ಬಡಪಾಯಿ ಕಿವಿ ಹೋಗ್ತಿತ್ತು!"

ಕಾವಲುಗಾರ ತಿರುಗಿ ನೋಡಿದ. ಟೀಚರಮ್ಮ ಅವನತ್ತ ನೋಡಿ ನಕ್ಕು, ಮೆಲ್ಲಗೆ ಕೂತರು. ಮನಸ್ಸು ಎಷ್ಟೋ ಕಾಲದ ಮೇಲೆ ಹಗುರವಾಗಿತ್ತು. ತಮ್ಮ ಕಾಲು ಈ ಸಲ ಬಾಗಿಲ ಕಡೆಗೇ ನಡೆದಿತ್ತು.

ಪಾಪು ಹೊರಗೆ ಬಂದಾಗ ಕುಣಿಯಲಿಲ್ಲ. ಹತ್ತಿರ ಬಂದು, "ಗಣಿತ ಅವರು ಕೇಳಿದ್ದಕ್ಕಿಂತ ಒಂಚೂರು ಮೇಲೇ ಬಂದಿದೆ ದೊಡ್ಡಮ್ಮ. ಸೀಟು ಸಿಕ್ಕ ಹಾಗೇ," ಎಂದಳು. ಇಬ್ಬರೂ ಬೀದಿಗಿಳಿದರು. ಜನ, ಬಸ್ಸು, ಬಿಸಿಲು. ಪಾಪು ಫೋನು ತೆಗೆದುಕೊಂಡು ಹೆಬ್ಬೆರಳು ಆಡಿಸಿದವಳು ಥಟ್ಟನೆ ನಿಂತುಬಿಟ್ಟಳು. "ಅಮ್ಮಂಗೆ ಮಾಡೋಕೆ ಹೋದೆ," ಎಂದಳು. ನಡುಬೀದಿಯಲ್ಲೇ ದೊಡ್ಡಮ್ಮನ ಭುಜಕ್ಕೆ ಮುಖವೊತ್ತಿ ಮಗುವಿನಂತೆ ಅತ್ತಳು. ಅಮ್ಮ ಹೋದಂದಿನಿಂದ ಹಾಗೆ ಅತ್ತಿರಲಿಲ್ಲ.

ಟೀಚರಮ್ಮ ಅವಳ ಬೆನ್ನು ಸವರುತ್ತ ಕಣ್ಣು ಮುಚ್ಚಿದರು. ಪ್ರಾರ್ಥನೆ ತಾನಾಗಿಯೇ ಬಂತು, ಒಳಗಿನಿಂದ ಯಾರೂ ತಡೆಯಲಿಲ್ಲ.

ದೇವರೇ, ನನ್ನ ತಂಗಿ ನಿನ್ನ ಬಳಿ ಇದ್ದಾಳೆ. ನಗುವುದೆಂದರೆ ಅವಳಿಗೆ ಇಷ್ಟ. ಅಲ್ಲಿಯೂ ಅವಳನ್ನು ನಗಲು ಬಿಡು. ದಿನವಿಡೀ ನಿಂತು ಕೆಲಸ ಮಾಡಿದ ಕಾಲು ಅವಳದು, ಕೂರಲು ತಂಪಾದ ಜಾಗ ಕೊಡು. ಇಲ್ಲಿ ಅವಳ ಮಗಳನ್ನು ನಾನು ನೋಡಿಕೊಳ್ಳುತ್ತೇನೆ. ಆ ಚಿಂತೆ ಅವಳನ್ನು ಕಾಡದಿರಲಿ. ಅವಳಿಗೆ ಶಾಂತಿ ಕೊಡು, ತಂದೆ.