ಕಲ್ಲು ಕರಗಿಸುವ ಪುಡಿ

ಕಾಫಿ ಯಂತ್ರದ ಹೊಟ್ಟೆಯಲ್ಲಿ ಕಲ್ಲು ಬೆಳೆಯುತ್ತದೆ ಎಂದರೆ ನಮ್ಮ ನೇಪಲ್ಸಿನ ಕಾಫಿ ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಊರಿನ ನೀರಿನ ಬಗ್ಗೆ ಅವರಿಗೆ ಅಷ್ಟು ಜಂಬ. ನಾನು ಇಪ್ಪತ್ತಾರು ವರ್ಷದಿಂದ ಆ ನೀರು ಕಟ್ಟಿದ ಕಲ್ಲನ್ನೇ ಕರಗಿಸಿ ಹೊಟ್ಟೆ ಹೊರೆಯುತ್ತಿದ್ದೇನೆ. ಬಾಯ್ಲರ್ ಬಿಚ್ಚಿ ಬಿಸಿನೀರಿಗೆ ಪುಡಿ ಹಾಕಿದರೆ ಸಾಕು, ಸುತ್ತಿಗೆಗೂ ಜಗ್ಗದ ಪದರ ನೊರೆಯಾಗಿ ಏಳುತ್ತದೆ, ಅದರ ಅಡಿಯಿಂದ ತಾಮ್ರ ಹೊಸದಾಗಿ ಹೊಳೆಯುತ್ತದೆ. ಸಾವಿರ ಸಲ ನೋಡಿದ್ದೇನೆ, ಈಗಲೂ ಬಾಯಿ ಬಿಟ್ಟುಕೊಂಡು ನಿಲ್ಲುತ್ತೇನೆ. ನನ್ನ ಗಂಡ ಬದುಕಿದ್ದಾಗ, "ನನ್ನನ್ನ ಯಾವತ್ತಾದ್ರೂ ಹೀಗೆ ನೋಡಿದೀಯಾ ಅಸ್ಸುಂತಾ?" ಎಂದು ಕೇಳುತ್ತಿದ್ದ. ನೋಡಿರಲಿಲ್ಲ, ಸುಳ್ಳೇಕೆ ಹೇಳಲಿ.

ಆ ಮಂಗಳವಾರ ಬೆಳಿಗ್ಗೆ ಸಬಾತಿನೋನ ಅಂಗಡಿಗೆ ಹೋದಾಗ ಅವನು ಗಿರಾಕಿಗಳಿಗೆ ಬೆನ್ನು ಹಾಕಿ ನಿಂತಿದ್ದ. ಕೌಂಟರಿನ ಮೇಲೆ, ಸಕ್ಕರೆ ಡಬ್ಬಿಯ ಪಕ್ಕದಲ್ಲಿ, ಇನ್ನೂ ಒಡೆಯದ ಒಂದು ಸಿಗರೇಟ್ ಪ್ಯಾಕೆಟ್ ಇತ್ತು. ನಲವತ್ತನಾಲ್ಕು ವರ್ಷ ಸೇದಿದವನು ಅವನು. ಒಂಬತ್ತು ತಿಂಗಳ ಹಿಂದೆ ಇದೇ ಕೌಂಟರಿನ ಹಿಂದೆ ಎದೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು, "ಇನ್ನೊಂದು ಸಿಗರೇಟು ಸೇದೋ ಹಾಗಿದ್ರೆ ನನ್ನ ಹತ್ರ ಬರಬೇಡ, ನೇರವಾಗಿ ಪಾದ್ರಿ ಹತ್ರ ಹೋಗು" ಎಂದಿದ್ದರು. ಅಂದಿನಿಂದ ಅವನನ್ನು ಹಿಡಿದಿಟ್ಟಿದ್ದದ್ದು ಬ್ಯಾಟರಿಯಲ್ಲಿ ನಡೆಯುವ ಒಂದು ಹಬೆ ಸಿಗರೇಟು ಮಾತ್ರ.

"ಇದೇನಿದು, ಕುಂಪಾ?" ಎಂದೆ. ಅವನ ಮಗಳ ಜ್ಞಾನಸ್ನಾನದಲ್ಲಿ ಜ್ಞಾನತಾಯಿಯಾಗಿ ಮಗುವನ್ನು ಎತ್ತಿಕೊಂಡವಳು ನಾನು. ಅಂದಿನಿಂದ ನನಗೆ ಅವನು ಕುಂಪಾ, ಅವನಿಗೆ ನಾನು ಕುಮ್ಮಾ. ಜಗಳ ಆಡಲು ಇಬ್ಬರಿಗೂ ಪರವಾನಗಿ ಸಿಕ್ಕ ಹಾಗೆ.

"ಸಿಗರೇಟು. ಕಣ್ಣು ಕಾಣಲ್ವಾ?"

"ಅದು ಕಾಣ್ತಿದೆ. ನಿನ್ನ ಬುದ್ಧಿ ಎಲ್ಲಿ ಹೋಯ್ತು ಅಂತ ಕಾಣ್ತಿಲ್ಲ."

ಅವನು ಜೇಬಿನಿಂದ ಹಬೆ ಸಿಗರೇಟು ತೆಗೆದು ನನ್ನ ಮುಂದೆ ಕುಕ್ಕಿದ. "ಇದು ಸತ್ತೋಯ್ತು ಕುಮ್ಮಾ. ಎಳೆದ್ರೆ ಸುಟ್ಟ ಚಪ್ಪಲಿ ವಾಸನೆ. ಹಬೆನೂ ಇಲ್ಲ, ಮಣ್ಣೂ ಇಲ್ಲ. ಹೊಸದು ಬರೋಕೆ ಎರಡು ವಾರ ಆಗುತ್ತಂತೆ. ನಿನ್ನೆಯಿಂದ ನಾಲ್ಕು ಗಿರಾಕಿ ಮೇಲೆ ಕೈ ಎತ್ತೋಕೆ ಹೋಗಿದೀನಿ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿದ ಮೇಲೆ ಒಂದೇ ಒಂದು ಸೇದ್ತೀನಿ, ಅಷ್ಟೆ."

"ನಲವತ್ನಾಲ್ಕು ವರ್ಷ ಶುರುವಾಗಿದ್ದೂ ಆ ಒಂದರಿಂದಲೇ."

ಗಲ್ಲಾದ ಮುಂದೆ ಅವನ ಹೆಂಡತಿ ಕೊಂಚೆತ್ತಾ ಕೂತಿದ್ದಳು. ಊರಿನ ಬಾಯಿ ಮುಚ್ಚಿಸುವ ಹೆಂಗಸು, ಅವತ್ತು ಕಣ್ಣಲ್ಲೇ ನನ್ನನ್ನು ಬೇಡಿಕೊಂಡಳು. ಅವಳನ್ನು ಹಾಗೆ ಕಂಡು ನನಗೆ ಅಳು ಬಂತು, ಅದಕ್ಕೇ ಸಿಟ್ಟೂ ಬಂತು. ಸ್ಟೂಲು ಎಳೆದು ಕೂತು ಹಬೆ ಸಿಗರೇಟನ್ನು ಬಿಚ್ಚಿದೆ.

ಅದರ ಒಳಗೆ ಹೆಬ್ಬೆರಳ ಉಗುರಿನಷ್ಟು ಒಂದು ಭಾಗವಿರುತ್ತದೆ, ಅಟೊಮೈಸರ್ ಎನ್ನುತ್ತಾರೆ. ಕೂದಲೆಳೆಯಂಥ ತಂತಿ ಕಾದು, ಸಿಹಿ ದ್ರವ ಹಬೆಯಾಗುವುದು ಅಲ್ಲೇ. ಸಬಾತಿನೋನದರಲ್ಲಿ ತಂತಿಯೇ ಕಾಣಿಸಲಿಲ್ಲ. ಬಾಣಲೆಯ ತಳ ಹಿಡಿದ ಹಾಗೆ ಕರಿ ಗಂಟು ಕೂತಿತ್ತು.

"ಇದನ್ನ ಯಾವತ್ತಾದ್ರೂ ತೊಳೆದಿದೀಯಾ?"

ಅವನ ತಾಯಿಯನ್ನು ಬೈದಿದ್ದರೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. "ತೊಳೆಯೋದಾ? ಮನೇಲಿ ಕಾಫಿ ಪಾತ್ರೆಗೆ ನಲವತ್ತು ವರ್ಷದಿಂದ ಸೋಪು ತಾಗಿಲ್ಲ. ರುಚಿ ಇರೋದೇ ಆ ಕಿಟ್ಟದಲ್ಲಿ. ಇದೂ ಹಾಗೇ. ಒಂಬತ್ತು ತಿಂಗಳು ಅಷ್ಟು ಚೆನ್ನಾಗಿ ಎಳೀತಿತ್ತಲ್ಲ, ತೊಳೀದೇ ಇದ್ದಿದ್ದಕ್ಕೇ!"

ಬೈಯೋಣವೆಂದರೆ ನಾನೂ ಇದೇ ಊರಿನವಳು. ನನ್ನ ಮನೆಯ ಕಾಫಿ ಪಾತ್ರೆಯೂ ಸೋಪು ಕಂಡಿಲ್ಲ. ಕಾಫಿಯ ವಿಷಯದಲ್ಲಿ ನಾವೆಲ್ಲ ಒಂದೇ ಧರ್ಮದವರು. ಆದರೆ ಕಾಫಿ ಪಾತ್ರೆ ಕೈಕೊಟ್ಟರೆ ಯಾರೂ ಸಾಯುವುದಿಲ್ಲ.

ಮೊದಲು ಮನೆಮದ್ದು ನೋಡೋಣವೆಂದು ಕೊಂಚೆತ್ತಾ ಅಡುಗೆಮನೆಯಿಂದ ವಿನಿಗರ್ ತಂದಳು. ಲೋಟದಲ್ಲಿ ಅದ್ದಿಟ್ಟೆ. ಅಂಗಡಿಯೆಲ್ಲ ಸೊಪ್ಪಿನ ಸಲಾಡ್ ವಾಸನೆ ಹೊಡೆಯಿತು. ಒಂದೆರಡು ಗುಳ್ಳೆ ಎದ್ದು ಸುಮ್ಮನಾಯಿತು, ಗಂಟು ಮಾತ್ರ ಅಲ್ಲಾಡಲಿಲ್ಲ. ಆ ಒಂದೆರಡು ಗುಳ್ಳೆ ಯಾಕೆ ಬಂದವೆಂದು ನನಗೆ ವಿಚಿತ್ರವೆನಿಸಿತು.

ಚೀಲದಿಂದ ನನ್ನ ಪುಡಿಯ ಡಬ್ಬಿ ತೆಗೆದೆ. ಸಬಾತಿನೋ ಲೋಟದ ಮೇಲೆ ಅಂಗೈ ಅಡ್ಡ ಇಟ್ಟ.

"ಬಾಯ್ಲರಿಗೆ ಹಾಕೋ ವಿಷನ ನನ್ನ ಬಾಯಿಗೆ ಹಾಕ್ತೀಯಾ?"

"ಆ ಪ್ಯಾಕೆಟ್ಟಲ್ಲಿರೋದು ಅಮೃತನಾ? ಕೈ ತೆಗಿ. ಹತ್ತು ನೀರಲ್ಲಿ ತೊಳೆದು, ಕುದಿಸಿ ಕೊಡ್ತೀನಿ. ನನಗೆ ನನ್ನ ಕೆಲಸ ಗೊತ್ತು."

ವಿನಿಗರ್ ಚೆಲ್ಲಿ, ಬಿಸಿನೀರು ಹಾಕಿ, ಅರ್ಧ ಚಮಚ ಪುಡಿ ಉದುರಿಸಿದೆ. ಲೋಟದ ತಳದಿಂದ ಜುಮ್ಮನೆ ನೊರೆ ಎದ್ದಿತು. ಸಣ್ಣ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಮೇಲೆ ಬಂದವು, ಜೊತೆಗೆ ಕರಿ ಹಕ್ಕಳೆಗಳು ಒಂದೊಂದಾಗಿ ಬಿಟ್ಟುಕೊಂಡವು. ಕಾಫಿ ಕುಡಿಯಲು ಬಂದ ಅಂಚೆಯವನು ಕಪ್ಪನ್ನು ತುಟಿಗಿಟ್ಟವನು ಹಾಗೇ ಮರೆತ. ಅಷ್ಟು ಚಿಕ್ಕ ವಸ್ತುವಿನ ಒಳಗೆ ಅಷ್ಟೊಂದು ಅಡಗಿ ಕೂತಿತ್ತೆಂದರೆ ನನಗೇ ನಂಬಲಾಗಲಿಲ್ಲ.

ಆಗ ನನ್ನ ತಲೆ ಓಡಿತು. "ಕುಂಪಾ, ಇದರಲ್ಲಿ ಕಲ್ಲಿದೆ. ಗುಳ್ಳೆ ಏಳೋದು ಕಲ್ಲಿಗೆ. ಕಲ್ಲು ಕಟ್ಟಬೇಕಾದ್ರೆ ನಲ್ಲಿ ನೀರು ಹೋಗಿರಬೇಕು. ಯಾರೋ ಇದನ್ನ ತೊಳೆದಿದಾರೆ. ಒಂದು ಸಲ ಅಲ್ಲ, ಸುಮಾರು ಸಲ."

"ಯಾವನು ಮುಟ್ತಾನೆ ಇದನ್ನ? ನಾನು ಕೈ ಕತ್ತರಿಸಿ..."

"ನಾನು," ಎಂದಳು ಕೊಂಚೆತ್ತಾ. "ಪ್ರತಿ ಭಾನುವಾರ. ನೀನು ಫುಟ್ಬಾಲ್ ನೋಡ್ತಾ ಕೂತಿರ್ತಿದ್ದೆ. ಏನು ವಾಸನೆ ಅಂತೀಯ, ಜೊತೇಲಿ ಮಲಗೋಳು ನಾನು ತಾನೆ?"

ಸಬಾತಿನೋ ಬಹಳ ಮೆಲ್ಲಗೆ ಕೇಳಿದ. "ಕಾಫಿ ಪಾತ್ರೆ?"

ಕೊಂಚೆತ್ತಾ ಗಲ್ಲಾದ ಗುಂಡಿಗಳನ್ನು ಒರೆಸತೊಡಗಿದಳು.

"ಕೊಂಚೆ, ಕಾಫಿ ಪಾತ್ರೆ?"

"ಸೋಪು ಹಾಕಿ," ಎಂದಳು ಅವಳು. "ಮದುವೆಯಾದಾಗಿಂದ."

ಅಂಚೆಯವನು ಶಿಲುಬೆಯ ಗುರುತು ಮಾಡಿಕೊಂಡ. ನಾನು ನಗು ತಡೆಯಲಾರದೆ ಕೌಂಟರಿನ ಮೇಲೆ ತಲೆ ಇಟ್ಟೆ. ಸಬಾತಿನೋ ಮಾತ್ರ ಕಂಬದ ಹಾಗೆ ನಿಂತಿದ್ದ. ನಲವತ್ತು ವರ್ಷ ಯಾವ ಕಿಟ್ಟವನ್ನು ಹೊಗಳಿಕೊಂಡು ಬಂದಿದ್ದನೋ ಆ ಕಿಟ್ಟವೇ ಇರಲಿಲ್ಲ.

ಅರ್ಧ ಗಂಟೆ ಬಿಟ್ಟು ಅಟೊಮೈಸರನ್ನು ಎತ್ತಿದೆ. ಮತ್ತೆ ನಲ್ಲಿ ನೀರು ತಾಗಿಸುವ ಮಾತೇ ಇರಲಿಲ್ಲ. ಇಸ್ತ್ರಿ ಪೆಟ್ಟಿಗೆಗೆ ಹಾಕುವ, ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದೆ, ಕುದಿಸಿದೆ, ಹೊಸ ನೀರು ಹಾಕಿ ಮತ್ತೆ ಕುದಿಸಿದೆ. ಕಪ್ಪುಗಳನ್ನು ಬೆಚ್ಚಗಿಡುವ ಕಾಫಿ ಯಂತ್ರದ ನೆತ್ತಿಯ ಮೇಲೆ ಒಣಗಲು ಇಟ್ಟೆ. ಆಮೇಲೆ ದ್ರವ ಹಾಕದೆ, ಬ್ಯಾಟರಿಗೆ ಸಿಕ್ಕಿಸಿ ಒಂದು ಕ್ಷಣ ಗುಂಡಿ ಒತ್ತಿದೆ. ನಡುವಿನಿಂದ ಶುರುವಾಗಿ ಎರಡೂ ತುದಿಗೆ ಕೆಂಪು ಹರಿಯಿತು. ಐದು ಸುತ್ತು ತಂತಿ, ಒಂದೊಂದನ್ನೂ ಎಣಿಸಬಹುದಿತ್ತು. ಇಷ್ಟು ದಿನ ಇದು ಆ ಕರಿ ಗಂಟಿನೊಳಗೆ ಉರಿಯುತ್ತಲೇ ಇತ್ತಲ್ಲ ಎಂದುಕೊಂಡೆ. ಕೊಂಚೆತ್ತಾ ಪಕ್ಕಕ್ಕೆ ಬಂದು ನನ್ನ ತೋಳು ಹಿಡಿದುಕೊಂಡಳು.

ದ್ರವ ತುಂಬಿ ಸಬಾತಿನೋನ ಕೈಗೆ ಕೊಟ್ಟೆ. ಅವನು ಎಳೆದ. ಬೆಳ್ಳನೆಯ ಹಬೆ ಧಾರಾಳವಾಗಿ ಬಂತು. ಬೀಗುತ್ತಾ ಅವನ ಮುಖ ನೋಡಿದೆ. ಅದು ಸಪ್ಪಗಿತ್ತು.

"ರುಚೀನೇ ಇಲ್ಲ ಕುಮ್ಮಾ. ಮೊದಲು ಒಂಚೂರು ಸುಟ್ಟ ಹಾಗಿರ್ತಿತ್ತು. ಸಿಗರೇಟಿನ ಹಾಗೆ. ಅದಕ್ಕೇ ನನಗೆ ತಡ್ಕೊಳ್ಳೋಕೆ ಆಗ್ತಿತ್ತು. ಈಗ ಬರೀ ಗಾಳಿ."

ನನ್ನ ಜಂಬವೆಲ್ಲ ಇಳಿದುಹೋಯಿತು. ಯಾವುದು ಅವನನ್ನು ಉಳಿಸಿತ್ತೋ ಅದನ್ನೇ ನಾನು ಕರಗಿಸಿ ಚೆಲ್ಲಲು ಹೊರಟಿದ್ದೆ. ಅವನ ಕೈ ಸಕ್ಕರೆ ಡಬ್ಬಿಯ ಕಡೆ ಹೋಯಿತು. ಪ್ಯಾಕೆಟ್ ಎತ್ತಿಕೊಂಡ. ಮೇಲಿನ ಹಾಳೆಯನ್ನು ಹರಿಯುವ ಕೆಂಪು ಎಳೆಯನ್ನು ಉಗುರಿನಿಂದ ಹಿಡಿದ. ಕೊಂಚೆತ್ತಾ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಎರಡು ದಿನ ಗುರುತು ಉಳಿದಿತ್ತು.

ಸಿಂಕಿಗೆ ಸುರಿಯಲು ಆ ಲೋಟ ನನ್ನ ಕೈಯಲ್ಲಿತ್ತು. ಅವನ ಕಣ್ಣು ಅದರ ಮೇಲೆ ಬಿತ್ತು.

"ತಡಿ, ಚೆಲ್ಲಬೇಡ."

ಲೋಟ ಇಸಕೊಂಡು ಬಾಗಿಲ ಬೆಳಕಿಗೆ ಹಿಡಿದ. ನೀರು ಕರಿ ಕಾಫಿಯ ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಒಂದು ಬೆರಳು ಹಕ್ಕಳೆ. ಬಹಳ ಹೊತ್ತು ನೋಡಿದ.

"ಎಷ್ಟು ತಿಂಗಳದು ಇದು?"

"ಒಂಬತ್ತು," ಎಂದೆ.

"ವಾರವಾರ ತೊಳೆದೂ?"

"ವಾರವಾರ ತೊಳೆದೂ," ಎಂದಳು ಕೊಂಚೆತ್ತಾ.

ಅವನು ಪ್ಯಾಕೆಟ್ ಹಿಡಿದ ಕೈಯನ್ನೇ ಎದೆಯ ಮೇಲೆ ಇಟ್ಟುಕೊಂಡ. ಆ ಮುಖ ನಾನು ಯಾವತ್ತೂ ಕಂಡಿರಲಿಲ್ಲ. ತಮಾಷೆ ಇಲ್ಲ, ಜಂಬ ಇಲ್ಲ, ಇಗರ್ಜಿಯಲ್ಲಿ ಮೊದಲ ಸಲ ಮಂಡಿಯೂರಿದ ಮಗುವಿನ ಮುಖ.

"ಇದನ್ನ ನಲವತ್ನಾಲ್ಕು ವರ್ಷ ಯಾರೂ ತೊಳೆದಿಲ್ಲ ಕುಮ್ಮಾ. ಇಲ್ಲಿಗೆ ಏನಾದ್ರೂ ಪುಡಿ ಇದೆಯಾ ನಿನ್ನ ಹತ್ರ?"

ನನ್ನ ಚೀಲದಲ್ಲಿ ಏಳು ಬಗೆಯ ಡಬ್ಬಿಗಳಿವೆ. ತಾಮ್ರಕ್ಕೊಂದು, ಹಿತ್ತಾಳೆಗೊಂದು, ಉಕ್ಕಿಗೊಂದು. ಯಾವ ಅಂಗಡಿಯವನಿಗೂ ಇಲ್ಲವೆಂದು ಹೇಳಿದವಳಲ್ಲ ನಾನು.

"ಇಲ್ಲ," ಎಂದೆ. "ಅದಕ್ಕೆ ಇಲ್ಲ, ಸಬಾತಿನೋ."

ಅವನು ತಲೆಯಾಡಿಸಿದ. ಲೋಟವನ್ನು ಮೆಲ್ಲನೆ ಕೌಂಟರಿನ ಮೇಲಿಟ್ಟು, ಪ್ಯಾಕೆಟ್ಟನ್ನು ನನ್ನ ಕಡೆ ನೂಕಿದ.

"ತಗೊಂಡ್ಹೋಗು. ನಿನಗೆ ಆಗದವರು ಯಾರಾದ್ರೂ ಇದ್ರೆ ಕೊಟ್ಬಿಡು."

ನನಗೆ ಆಗದವರಿಗೇನು ಬರವೇ? ನಮ್ಮ ಮಾತೆರ್ದೇಯಿ ಕೇರಿಯ ಇಳಿಜಾರಿನುದ್ದಕ್ಕೂ ಒಬ್ಬೊಬ್ಬರನ್ನೇ ನೆನೆಯುತ್ತಾ ನಡೆದೆ. ಮೀನಿನ ಅಂಗಡಿಯವನು, ಮಹಡಿಯ ಮೇಲಿನ ವಕೀಲ. ಮೂಲೆ ತಿರುಗಿದಾಗ ನನ್ನ ನಾದಿನಿ ಮನೆಯ ಮೆಟ್ಟಿಲ ಮೇಲೆ ಕೂತು ಸೇದುತ್ತಿದ್ದಳು. ಹನ್ನೊಂದು ವರ್ಷದಿಂದ ಅವಳಿಗೂ ನನಗೂ ಮಾತಿಲ್ಲ. ಅವಳು ಕೆಮ್ಮಿದಳು, ಎದೆ ನೀವಿಕೊಂಡು ಮತ್ತೆ ಕೆಮ್ಮಿದಳು. ಪ್ಯಾಕೆಟ್ ನನ್ನ ಕೈಯಲ್ಲೇ ಇತ್ತು. ಕಾಣದ ಹಾಗೆ ಅದನ್ನು ಚೀಲದೊಳಗೆ ಹಾಕಿಕೊಂಡೆ. ಅವಳಿಗೂ ಕೊಡಲು ನನಗೆ ಮನಸ್ಸು ಬರಲಿಲ್ಲ.