ಹತ್ತರಲ್ಲಿ ನಾಲ್ವರು

"ದೊಡ್ಡ ಕಾಲೇಜು ಬೇಡ," ಎಂದಳು ಅಕ್ಕ, ಹಾಳೆಯಿಂದ ತಲೆಯೆತ್ತದೆ. "ಎಲ್ಲಾ ವಿಚಾರಿಸಿ ನೋಡಿದೀನಿ. ಅದು ನಮಗಲ್ಲ."

ಮೇಜಿನ ಮೇಲೆ ಎರಡು ಕಾಲೇಜುಗಳ ಪತ್ರಗಳಿದ್ದವು. ತಂಗಿಯ ಉದ್ದ ಜಿಗಿತ ನೋಡಿ ಎರಡೂ ಅವಳನ್ನು ಕರೆದಿದ್ದವು. ಸೋಮವಾರದೊಳಗೆ ಒಂದಕ್ಕೆ ಒಪ್ಪಿಗೆ ಕಳಿಸಬೇಕಿತ್ತು. ಅಕ್ಕ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಹದಿನೈದು ದಿನದಿಂದ ಊಟದ ಬಿಡುವಿನಲ್ಲಿ ಫೋನ್ ಹಿಡಿದು, ಎರಡೂ ಕಡೆ ಓದಿದ ಆಟಗಾರರನ್ನು ಹುಡುಕಿ ಹುಡುಕಿ ಮಾತಾಡಿಸಿದ್ದಳು. ಹಾಳೆಯ ನಡುವೆ ಗೆರೆ ಎಳೆದು ಅವರು ಹೇಳಿದ್ದನ್ನೆಲ್ಲ ಬರೆದಿಟ್ಟಿದ್ದಳು.

ದೊಡ್ಡ ಕಾಲೇಜಿನ ತಂಡ ದೇಶಕ್ಕೇ ಮೊದಲು. ನೀಲಿ ಟ್ರ್ಯಾಕು, ಆರು ಜನ ಕೋಚುಗಳು. ಆದರೆ ಮನ್ನಾ ಆಗುವುದು ಅರ್ಧ ಫೀಸು ಮಾತ್ರ. ಪೆಟ್ಟು ಮಾಡಿಕೊಂಡರೆ ಅದೂ ಇಲ್ಲ. ಆಟದಿಂದ ಸೀಟು ಸಿಕ್ಕ ಹತ್ತು ಜನರಲ್ಲಿ ಡಿಗ್ರಿ ಮುಗಿಸಿದವರು ನಾಲ್ವರು. ಸಣ್ಣ ಕಾಲೇಜಿನದು ಮಣ್ಣಿನ ಟ್ರ್ಯಾಕು, ಇರುವುದು ಒಬ್ಬರೇ ಕೋಚು. ಫೀಸಿಲ್ಲ, ಹಾಸ್ಟೆಲ್ಲೂ ಪುಕ್ಕಟೆ. ಹತ್ತರಲ್ಲಿ ಎಂಟು ಜನ ಡಿಗ್ರಿ ಮುಗಿಸಿ ಕೆಲಸ ಹಿಡಿದಿದ್ದರು.

"ನಿಮ್ಮಕ್ಕ ನೋಡಿದಾಳೆ ಅಂದ್ಮೇಲೆ ಮುಗೀತು," ಎಂದು ಅಮ್ಮ ಪಾತ್ರೆ ತೊಳೆಯಲು ಎದ್ದಳು.

ತಂಗಿ ಹಾಳೆಯನ್ನು ಎಳೆದುಕೊಂಡು ಮೇಲಿಂದ ಕೆಳಗೆ ಓದಿದಳು. "ಸರಿ ಬಿಡಕ್ಕ," ಎಂದಳು. ಅಷ್ಟೇ. ಅವಳು ಅತ್ತು, ಜಗಳ ತೆಗೆದಿದ್ದರೆ ಅಕ್ಕನ ಮನಸ್ಸು ಹಗುರಾಗುತ್ತಿತ್ತೋ ಏನೋ.

ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ಅದನ್ನು ಬರೆಸಿದ್ದು ಬರೀ ಕಾಳಜಿಯಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಅದೇ ದೊಡ್ಡ ಕಾಲೇಜಿನಿಂದ ಅವಳಿಗೂ ಪತ್ರ ಬಂದಿತ್ತು. ಆಗ ಯಾರೂ ಮೇಜಿನ ಸುತ್ತ ಕೂತಿರಲಿಲ್ಲ. "ಓಡೋದನ್ನ ಕಾಲೇಜಿಗೆ ಹೋಗಿ ಕಲೀಬೇಕೇನೇ?" ಎಂದು ಅಮ್ಮ ನಕ್ಕಿದ್ದಳು. ಅದೇ ತಿಂಗಳು ಅಕ್ಕ ಅಂಗಡಿಗೆ ಸೇರಿದಳು. ಈಗ ತಂಗಿಯ ಮೊಣಕಾಲಿಗೆ ಅದೇ ಅಮ್ಮ ಎಣ್ಣೆ ತಿಕ್ಕುತ್ತಾಳೆ, ಬಿಸಿನೀರು ಕಾಯಿಸುತ್ತಾಳೆ. ತಂಗಿಯ ಸ್ಪೈಕ್ ಶೂ ಕೊಂಡದ್ದು ಅಕ್ಕನ ಸಂಬಳದಲ್ಲೇ. ಆ ಶೂ ಕಟ್ಟಿ ಅವಳು ಮರಳಿನ ಮೇಲೆ ಹಾರುವುದನ್ನು ನೋಡುವಾಗಲೆಲ್ಲ ಚಪ್ಪಾಳೆ ತಟ್ಟುತ್ತಲೇ ಅಕ್ಕನ ಹೊಟ್ಟೆಯೊಳಗೆ ಕಿಚ್ಚು ಹತ್ತಿಕೊಳ್ಳುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ಇವಳು ಗೆರೆ ತುಳಿದು ಫೌಲ್ ಆಗಲಿ ಅಂದುಕೊಂಡಿದ್ದಳು. ತಂಗಿ ತುಳಿದೂ ಇದ್ದಳು. ಆ ರಾತ್ರಿ ಅಕ್ಕನಿಗೆ ಅನ್ನ ಇಳಿದಿರಲಿಲ್ಲ.

ಹಾಳೆಯಲ್ಲಿ ಬರೆಯದೆ ಬಿಟ್ಟದ್ದು ಒಂದಿತ್ತು. ದೊಡ್ಡ ಕಾಲೇಜಿನಲ್ಲಿ ಹರ್ಡಲ್ಸ್ ಓಡುತ್ತಿದ್ದವಳೊಬ್ಬಳು, ಡಿಗ್ರಿ ಮುಗಿಸದ ಆರು ಜನರಲ್ಲಿ ಒಬ್ಬಳು, ಈಗ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು, ಫೋನಿನಲ್ಲಿ ಹೇಳಿದ್ದಳು: "ಡಿಗ್ರಿ ಇಲ್ಲ, ಮೆಡಲ್ಲೂ ಇಲ್ಲ. ಆದ್ರೆ ಆ ಮೂರು ವರ್ಷ ಇನ್ನೊಂದ್ಸಲ ಕೊಡ್ತೀನಿ ಅಂದ್ರೆ, ಈ ಕೌಂಟರ್ ಹಂಗೇ ಬಿಟ್ಟು ಬರ್ತೀನಿ ನೋಡಿ."

ಅಕ್ಕ ಫೋನ್ ಇಟ್ಟು, ಪೆನ್ನಿನ ಕ್ಯಾಪ್ ಹಾಕಿದ್ದಳು.

ತಂಗಿ ಸಣ್ಣ ಕಾಲೇಜಿನ ಫಾರಂ ತುಂಬತೊಡಗಿದಳು. ಹೆಸರು, ಹುಟ್ಟಿದ ದಿನ, ಎತ್ತರ. ಅಕ್ಷರ ಗುಂಡಗಿದ್ದವು, ಒಂದೂ ಗೆರೆ ದಾಟಿರಲಿಲ್ಲ. ಸಹಿಯ ಜಾಗಕ್ಕೆ ಬರುವಷ್ಟರಲ್ಲಿ ಅಕ್ಕ ಫಾರಂ ಮೇಲೆ ಅಂಗೈ ಇಟ್ಟಳು.

"ತಡಿ. ಇನ್ನೊಬ್ಬಳು ಇದಾಳೆ. ಅವಳು ಹೇಳಿದ್ದು ನಿಂಗೆ ಹೇಳ್ಲಿಲ್ಲ."

"ಯಾಕೆ?"

"ಹೇಳೋಕೆ ಮನಸ್ಸು ಬರ್ಲಿಲ್ಲ," ಎಂದಳು ಅಕ್ಕ. ಮುಖ ಕಿವಿತನಕ ಬಿಸಿಯಾಗಿತ್ತು. "ನೀನೇ ಮಾತಾಡು. ನಂಬರ್ ತಗೋ."

 ತಂಗಿ ಫೋನ್ ತಗೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಒಳಗಿಂದ ನಗು ಕೇಳಿತು, ಮತ್ತೆ ನಗು. ಅಕ್ಕನ ಜೊತೆ ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ಅಕ್ಕ ಮೇಜಿನ ಮೇಲಿನ ರೊಟ್ಟಿ ಚೂರುಗಳನ್ನು ಬೆರಳಲ್ಲಿ ಒತ್ತಿ ಒತ್ತಿ ಎತ್ತುತ್ತ ಕೂತಳು.

ಬಾಗಿಲು ತೆರೆಯಿತು. ತಂಗಿಯ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

"ನಾನು ದೊಡ್ಡದಕ್ಕೇ ಹೋಗ್ತೀನಿ ಅಕ್ಕ. ಆ ನಾಲ್ಕು ಜನರಲ್ಲಿ ಒಬ್ಬಳಾಗ್ತೀನಿ. ಆಗ್ದಿದ್ರೆ ಬೈಯುವಂತೆ." ಫೋನ್ ಮುಂದೆ ಚಾಚಿದಳು. "ಅವ್ರಿಗೆ ನಿನ್ ಜೊತೆ ಮಾತಾಡಬೇಕಂತೆ."

ಫೋನ್ ಬೆಚ್ಚಗಿತ್ತು. ಅಕ್ಕ ಕಿವಿಗಿಟ್ಟುಕೊಂಡಳು.

"ನೀವೂ ಓಡ್ತಿದ್ರಂತೆ? ಮೊನ್ನೆ ಹೇಳ್ಲೇ ಇಲ್ವಲ್ಲ!" ಎಂದಿತು ಆ ಕಡೆಯ ದನಿ. "ನಾನೂರು ಮೀಟರಂತೆ. ಎಷ್ಟು ಟೈಮಿಂಗು?"

ಒಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ಐವತ್ತೇಳು," ಎಂದಳು ಅಕ್ಕ. "ಐವತ್ತೇಳು ಪಾಯಿಂಟ್ ಮೂರು."

ಅಡುಗೆಮನೆಯಲ್ಲಿ ಅಮ್ಮ ನಲ್ಲಿ ನಿಲ್ಲಿಸಿದಳು.