ಅಡುಗೆಮನೆಯಲ್ಲಿದ್ದ ಕಿವಿ

ಕೊಟ್ರಪ್ಪನ ಕಿವಿ ಹೋಗಿ ಎಷ್ಟು ವರ್ಷವಾಯಿತೆಂದು ಯಲಬುರ್ಗಾದ ಆ ಓಣಿಯಲ್ಲಿ ಯಾರಿಗೂ ನೆನಪಿಲ್ಲ. ಅವನೊಡನೆ ಮಾತಾಡಬೇಕೆಂದರೆ ಒದರಬೇಕು. ಅವನ ಬಗ್ಗೆ ಮಾತಾಡಬೇಕೆಂದರೆ ಅವನೆದುರೇ ಮಾತಾಡಬಹುದು. "ನಿಮ್ಮಪ್ಪಗ ಹಟ ಜಾಸ್ತಿ ಆಗೈತಿ" ಎಂದು ಸೊಸೆ ಶೈಲಜಾ ಗಂಡ ಪ್ರಭುರಾಜನಿಗೆ ದೂರು ಹೇಳುವಾಗ ಮಾವ ಇಬ್ಬರ ನಡುವೆಯೇ ಕೂತು ಚಹಾ ಕುಡಿಯುತ್ತಿದ್ದ. ಬಾಗಿಲು ಹಾಕಿಕೊಂಡು ಆಡುವ ಮಾತೇ ಆ ಮನೆಯಲ್ಲಿ ಇರಲಿಲ್ಲ.

ಹಾಗಂತ ಶೈಲಜಾ ಕೆಟ್ಟವಳಲ್ಲ. ಕಿವಿ ಮಷಿನ್ ಬೇಡವೇ ಬೇಡ ಎಂದು ಮುದುಕ ಕೂತಾಗ ಉಪಾಯ ಹುಡುಕಿದವಳು ಅವಳೇ. ಪ್ರಭುರಾಜ ಗಂಗಾವತಿಯಿಂದ ತಂದಿದ್ದ ವೈರಿಲ್ಲದ ಇಯರ್‌ಫೋನನ್ನು ಮಾವನ ಕಿವಿಗೆ ಸಿಕ್ಕಿಸಿ, ಸದ್ದು ದೊಡ್ಡದು ಮಾಡುವ ಆಪನ್ನು ತನ್ನ ಫೋನಿಗೆ ಹಾಕಿಕೊಂಡಳು. ಮೊದಲ ಸಲ ಮುದುಕನಿಗೆ ತನ್ನದೇ ಉಸಿರು, ತಾನೇ ಗಡ್ಡ ಕೆರೆದುಕೊಂಡ ಸದ್ದು ಕೇಳಿತು; ಎರಡೂ ಇಯರ್‌ಫೋನು ಕಿತ್ತು ಅವಳ ಕೈಗೆ ಕೊಟ್ಟ. ಅವಳು ಬಿಡಲಿಲ್ಲ. ಸೆಟ್ಟಿಂಗಿನೊಳಗೆ ಹೊಕ್ಕು, ಮೈಕು ಫೋನಿನದು, ಸದ್ದು ಇಯರ್‌ಫೋನಿನಲ್ಲಿ ಎಂದು ಎರಡನ್ನೂ ಬೇರೆ ಬೇರೆ ಮಾಡಿದಳು. ಆಮೇಲೆ ಫೋನು ಎಲ್ಲಿರುತ್ತದೋ ಅಲ್ಲಿನ ಮಾತು ಮಾವನಿಗೆ ಕೇಳತೊಡಗಿತು.

ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದ್ದರು. ರೆಕಾರ್ಡಿಂಗಿಗೆಂದು ಶಾಸ್ತ್ರಿಗಳ ಮುಂದೆ ಜನ ಇಟ್ಟಿದ್ದ ಫೋನುಗಳ ನಡುವೆ ಶೈಲಜಾ ತನ್ನದನ್ನೂ ಇಟ್ಟು ಬಂದಳು. ದೂರದಲ್ಲಿ ಕಂಬಕ್ಕೊರಗಿದ್ದ ಕೊಟ್ರಪ್ಪ ತಬಲಾ ಕೇಳಿದವನೇ ತೊಡೆಯ ಮೇಲೆ ತಾಳ ಹಾಕತೊಡಗಿದ. ಕಣ್ಣಲ್ಲಿ ನೀರು. ಮರುದಿನ ಕಂಡವರಿಗೆಲ್ಲ ಒದರಿ ಹೇಳಿದ: "ನನ್ನ ಸೊಸಿ ನನಗ ಕಿವಿ ಕೊಟ್ಟಾಳ ನೋಡ್ರಿ!" ಓಣಿಯ ಹೆಂಗಸರು ಅವಳನ್ನು ತಡೆದು ನಿಲ್ಲಿಸಿ ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಶೈಲಜಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದೇ ವಾರ ಕುಷ್ಟಗಿಯಿಂದ ಅವಳ ತಂಗಿ ಬಂದಳು. ಕೊಟ್ರಪ್ಪ ಹೊರಗೆ ಕಟ್ಟೆಯ ಮೇಲೆ ಕೂತು ಒಳಗಿನ ಟಿವಿಯ ಸುದ್ದಿ ಕೇಳುತ್ತಿದ್ದ. ಫೋನು ಟಿವಿಯ ಪಕ್ಕದಲ್ಲಿತ್ತು. ತಂಗಿ ಬಂದ ಸಡಗರದಲ್ಲಿ ಶೈಲಜಾ ಟಿವಿ ಆರಿಸಿದಳು, ಫೋನಿನ ಪರದೆಯನ್ನೂ ಆರಿಸಿ, ಎಂದಿನಂತೆ ಅಡುಗೆಮನೆಗೆ ಒಯ್ದು ಗೋಡೆಯ ಮಾಡದಲ್ಲಿಟ್ಟಳು. ಪರದೆ ಆರಿದರೂ ಮೈಕು ಆರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಕಿವುಡ ಮಾವನ ಮನೆಯಲ್ಲಿ ಬಾಳಿದ ನಾಲಿಗೆಗೆ ಗೊತ್ತಿರಲಿಲ್ಲ.

"ಮಾವನ್ನ ಭಾಳ ಛಲೋ ನೋಡ್ಕೋತೀಯಂತಲ್ಲ, ಬಸ್ ಸ್ಟ್ಯಾಂಡಿನತನಕ ಸುದ್ದಿ ಐತಿ" ಎಂದು ತಂಗಿ ಚೇಷ್ಟೆ ಮಾಡಿದಳು.

"ನನ್ನ ಕಷ್ಟ ನನಗ ಗೊತ್ತು. ಉಣ್ಣಾಕ ಕುಂತ್ರ ಎಮ್ಮಿ ನೀರ ಕುಡದಂಗ ಸಪ್ಪಳಾ ಮಾಡ್ತಾರ. ತಮಗ ಕೇಳಂಗಿಲ್ಲ ನೋಡು! ಹೇಸಿಕಿ ಬಂದು ನನಗ ತುತ್ತು ಇಳಿಯಂಗಿಲ್ಲ. ತಾಟು ಹೊರಗ ಕಟ್ಟಿಮ್ಯಾಲ ಕೊಡಬೇಕು ಅನಸ್ತೈತಿ."

ಹೇಳಿ ಸುಮ್ಮನಿದ್ದಳೇ? ಮಾವ ಸಾರು ಸುರ್ರೆಂದು ಹೀರುವ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದಳು. ತಂಗಿ ಹೊಟ್ಟೆ ಹಿಡಿದು ನಕ್ಕಳು. ನಕ್ಕಳೆಂದು ಇನ್ನೊಮ್ಮೆ ಮಾಡಿದಳು.

ಊಟಕ್ಕೆ ಕರೆದಾಗ ಕೊಟ್ರಪ್ಪ ಒಳಗೆ ಬರಲಿಲ್ಲ.

"ಇಲ್ಲೇ ಗಾಳಿ ಐತಿ. ತಾಟು ಇಲ್ಲೇ ಕೊಡವ್ವಾ" ಎಂದ.

ಶೈಲಜಾ ತಾಟು ಕೊಟ್ಟು ಬಂದು ಕಿಟಕಿಯಿಂದ ನೋಡಿದಳು. ಮುದುಕ ರೊಟ್ಟಿಯನ್ನು ಚೂರು ಚೂರು ಮುರಿದು, ತುಟಿ ಬಿಗಿಹಿಡಿದು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಗಿಯುತ್ತಿದ್ದ. ಸಾರನ್ನು ಮುಟ್ಟಿರಲಿಲ್ಲ. ಓಣಿಯಲ್ಲಿ ಯಾರಾದರೂ ಹಾದುಹೋದರೆ ಅಗಿಯುವುದನ್ನು ನಿಲ್ಲಿಸಿ ಅವರ ಮುಖ ನೋಡುತ್ತಿದ್ದ. ತನ್ನ ಬಾಯಿ ಸದ್ದು ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಅವನಿಗೆ ಬೇರೆ ದಾರಿ ಇರಲಿಲ್ಲ.

ಶೈಲಜಾಳಿಗೆ ಫೋನು ನೆನಪಾಯಿತು. ಓಡಿಹೋಗಿ ಮಾಡದಲ್ಲಿದ್ದ ಫೋನು ತೆಗೆದಳು. ಪರದೆಯ ಮೂಲೆಯಲ್ಲಿ ಮೈಕಿನ ಹಸಿರು ಚುಕ್ಕೆ ಉರಿಯುತ್ತಿತ್ತು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು. ಹೇಳಿದ ಮಾತಿಗಿಂತ ಆ ಎರಡನೇ ಸಲದ ಅಣಕ ಅವಳನ್ನು ಸುಟ್ಟಿತು.

"ಅವರು ಏನೂ ಅಂದಿಲ್ಲಲ್ಲ ಅಕ್ಕಾ, ಕೇಳಿರಲಿಕ್ಕಿಲ್ಲ ಬಿಡು" ಎಂದಳು ತಂಗಿ.

ಶೈಲಜಾ ತಂಗಿಗೆ ಬೆನ್ನು ಮಾಡಿ, ಫೋನನ್ನು ತುಟಿಯ ಹತ್ತಿರ ತಂದು, "ಮಾವಾರ, ನಂದು ತಪ್ಪಾತ್ರಿ. ಒಳಗ ಬರ್ರಿ" ಎಂದು ಪಿಸುಗುಟ್ಟಿದಳು. ಮುಖ ತೋರಿಸಬೇಕಿಲ್ಲ, ಯಾರಿಗೂ ಕೇಳುವುದಿಲ್ಲ. ಎಷ್ಟು ಅನುಕೂಲ! ಹಾಗೆ ಅನ್ನಿಸಿದ್ದಕ್ಕೂ ಅವಳಿಗೆ ನಾಚಿಕೆಯಾಯಿತು. ಕಿಟಕಿಯಿಂದ ಇಣುಕಿದರೆ ಮಾವ ಮಿಸುಕಿರಲಿಲ್ಲ. ಇಯರ್‌ಫೋನು ಎರಡೂ ಅವನ ಪಕ್ಕದಲ್ಲಿ, ಕಟ್ಟೆಯ ಮೇಲೆ ಬಿದ್ದಿದ್ದವು. ಯಾವಾಗಲೋ ತೆಗೆದಿಟ್ಟಿದ್ದ.

ಇನ್ನು ಉಳಿದದ್ದು ಹಳೆಯ ದಾರಿ ಒಂದೇ. ಹೊರಗೆ ಬಂದಳು. ಎದುರು ಮನೆಯ ಖುರ್ಷಿದಾ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಶೈಲಜಾ ಮೊದಲು ಸಣ್ಣ ದನಿಯಲ್ಲಿ ಹೇಳಿದಳು. ಕೊಟ್ರಪ್ಪ ಅವಳ ತುಟಿಯನ್ನೇ ನೋಡಿ, "ಏನವ್ವಾ?" ಎಂದ.

"ಮಾವಾರ! ನೀವು ಉಣ್ಣೋದನ್ನ ನಾನು ಅಣಕಿಸೇನ್ರಿ! ಹೊಲಸು ಮಾತಾಡೇನ್ರಿ! ತಪ್ಪಾತ್ರಿ!"

ಖುರ್ಷಿದಾಳ ಮೊರ ನಿಂತಿತು. ಕೊಟ್ರಪ್ಪ ಸೊಸೆಯನ್ನು ನೋಡಲಿಲ್ಲ, ಮೊದಲು ಎದುರು ಮನೆಯ ಬಾಗಿಲು ನೋಡಿದ. ಕಿವಿ ಹೋದಾಗಿನಿಂದ ಒದರಿಯೇ ಮಾತಾಡಿದ ಮನುಷ್ಯ ಅಂದು ದನಿ ತಗ್ಗಿಸಿದ.

"ಮೆಲ್ಲಕ ಅನ್ನವ್ವಾ, ಮಂದಿ ಕೇಳ್ತಾರ. ನಿನ್ನ ಹೆಸರು ಯಾಕ ಕೆಡಬೇಕು?"

ಮೆಲ್ಲಗೆ ಹೇಳಿದರೆ ಅವನಿಗೆ ಕೇಳುತ್ತಿರಲಿಲ್ಲ. ಶೈಲಜಾ ಅಲ್ಲೇ ನಿಂತು ಮತ್ತೊಮ್ಮೆ ಒದರಿದಳು.